ಮೇಲಿನಂತೆ

ಬಾಗಿಲು ನಾಲ್ಕು ಬೆರಳು ಗಿಡ್ಡವಾದದ್ದಕ್ಕೆ ಕಾರಣ, ಫೋನಿನಲ್ಲಿ ನಡೆದ ಗಣಿತದ ಪಾಠ.

ಬಡಗಿಗೆ ಟೇಪಿನ ಅಂಕಿಗಳಿಗಿಂತ ಮರದ ಪಟ್ಟಿಯ ಮೇಲೆ ನಂಬಿಕೆ. ಚೌಕಟ್ಟಿನ ಎತ್ತರಕ್ಕೆ ಸರಿಯಾಗಿ ಒಂದು ಪಟ್ಟಿ ಕುಯ್ದು ಕಂಬಕ್ಕೆ ಒರಗಿಸಿಟ್ಟಿದ್ದ. ಸೋಂಕಿನಿಂದ ಶಾಲೆ ಮುಚ್ಚಿ ಆರು ತಿಂಗಳು. ಎಂಟು ವರ್ಷದ ಮಗಳಿಗೆ ಅಪ್ಪನ ಶೆಡ್ಡೇ ತರಗತಿ, ಅಪ್ಪನ ಫೋನೇ ಟೀಚರು. ಅವತ್ತು ಟೀಚರು, “ಕೈಗೆ ಸಿಕ್ಕಿದ್ದರಲ್ಲಿ ಪುಟ್ಟ ಅಳತೆಗೋಲು ಮಾಡಿ” ಎಂದರು. ಮಗಳ ಕೈಗೆ ಪಟ್ಟಿ ಸಿಕ್ಕಿತು. ತುದಿ ಕುಯ್ದಳು, ಗೆರೆ ಎಳೆದಳು, ಶಹಬ್ಬಾಸ್ ಅನ್ನಿಸಿಕೊಂಡಳು. ಬಡಗಿ ಉಳಿದ ಪಟ್ಟಿ ಹಿಡಿದು ಬಾಗಿಲು ಮಾಡಿದ.

ಹಾಸ್ಟೆಲ್ ಯಜಮಾನರು ಮಾದರಿ ಬಾಗಿಲನ್ನು ಹಾಕಿಸಿ, ಕೆಳಗಿನ ಸಂದಿಯಲ್ಲಿ ಚಪ್ಪಲಿ ಸಮೇತ ಕಾಲು ತೂರಿಸಿ ನೋಡಿದರು.

“ಇದು ಬಾಗಿಲೋ ಲಂಗೋಟಿಯೋ?”

“ನನ್ನ ಮಗಳು, ಯಜಮಾನ್ರೇ...”

“ಇನ್ನೂ ಹದಿನಾರು ಬಾಗಿಲಿದೆ ಕಣಯ್ಯ. ಆ ಮಗೂನ ಶೆಡ್ಡಿಂದ ಆಚೆ ಕಳಿಸಿದ್ರೆ ಕೆಲಸ ನಿಂದು. ಇಲ್ಲ ಅಂದ್ರೆ ಬೇರೆಯವನದ್ದು. ನಾಳೆ ಬೆಳಿಗ್ಗೆ ನಾನೇ ಫೋನ್ ಮಾಡ್ತೀನಿ.”

ಕಳಿಸುವುದೆಲ್ಲಿಗೆ? ಹೆಂಡತಿ ಆಸ್ಪತ್ರೆಯಲ್ಲಿ ಹೊದಿಕೆ ಒಗೆಯುವವಳು. ಈ ಕಾಲದಲ್ಲಿ ರಜೆ ಕೇಳಿದರೆ ಕೆಲಸವೇ ರಜೆಯಾಗುತ್ತಿತ್ತು. ಬಡಗಿ ಮಗಳ ಕೈ ಹಿಡಿದು ಸೀದಾ ಶಾಲೆಗೆ ನಡೆದ.

ಪೋಷಕರಿಗೆ ಒಳಗೆ ಪ್ರವೇಶವಿರಲಿಲ್ಲ. ದೊಡ್ಡ ಮೇಡಂ ಗೇಟಿನ ಸಂದಿಯಿಂದಲೇ ಮಾತಾಡಿದರು.

“ತೆರೀಬಹುದು ಅಂತ ಆದೇಶ ಬಂದಿದೆ. ಮೂವತ್ತು ಮಕ್ಕಳಲ್ಲಿ ಇಪ್ಪತ್ತು ಜನರ ಅಪ್ಪನೋ ಅಮ್ಮನೋ ಈ ಹಾಳೆ ಮೇಲೆ ಸಹಿ ಹಾಕ್ಬೇಕು. ಮೂರು ವಾರದಿಂದ ಹಿಡ್ಕೊಂಡು ಕೂತಿದ್ದೀನಿ. ಒಂದೇ ಒಂದು ಸಹಿ ಇದೆ.”

“ಯಾರದ್ದು ಮೇಡಂ?”

“ನನ್ನದೇ. ಅದು ಲೆಕ್ಕಕ್ಕಿಲ್ಲ. ಇವತ್ತು ಸಂಜೆ ಐದಕ್ಕೆ ಕೊನೆ.”

“ಕೊಡಿ ಇಲ್ಲಿ” ಎಂದ ಬಡಗಿ. ಹದಿನಾರು ಬಾಗಿಲು ಅವನ ಬಾಯಿಂದ ಹಾಗೆ ಹೇಳಿಸಿತು.

ಮೊದಲು ಔಷಧಿ ಅಂಗಡಿ. ಅಲ್ಲಿ ಜನ ಬೆಲ್ಲಕ್ಕೆ ಮುತ್ತಿದ ಇರುವೆಯ ಹಾಗೆ ಮುತ್ತಿದ್ದರು. ಅಂಗಡಿಯವನ ಮಾಸ್ಕು ಗದ್ದಕ್ಕೆ ಕಾವಲಿತ್ತು. ಅವನ ಮಗ ಕೆಮ್ಮುವವರ ಕೈಗೆ ಕೈಯಾರೆ ಶೀಶೆ ಕೊಡುತ್ತಿದ್ದ.

“ಶಾಲೆ ತೆರೀಲೇಬೇಕು ಕಣೋ! ಮಕ್ಕಳು ಹಾಳಾಗ್ತಿದ್ದಾರೆ” ಎಂದ ಅಂಗಡಿಯವನು.

“ಹಾಗಾದ್ರೆ ಸಹಿ ಹಾಕಣ್ಣ.”

“ನಾನಾ? ಮೊದಲು ನಿನ್ನ ಮಗಳು ಹೋಗ್ಲಿ ಮಾರಾಯ. ಹದಿನೈದು ದಿನ ನೋಡೋಣ.”

ಮಗಳು ಕತ್ತೆತ್ತಿದಳು. “ಅಂಕಲ್, ನಾನು ಹೋದ್ರೆ ನಂಗೇನೂ ಆಗಲ್ವಾ?”

“ಏನೂ ಆಗಲ್ಲ ಪುಟ್ಟಿ.”

“ಮತ್ತೆ ನಿಮ್ಮ ಈ ಅಣ್ಣಂಗೆ ಮಾತ್ರ ಯಾಕಾಗುತ್ತೆ?”

ಅಂಗಡಿಯವನಿಗೆ ಗಿರಾಕಿಗಳು ಜ್ಞಾಪಕಕ್ಕೆ ಬಂದರು.

ಮಧ್ಯಾಹ್ನದವರೆಗೆ ಹನ್ನೆರಡು ಮನೆ ಹತ್ತಿ ಇಳಿದರೂ ಮೇಡಂ ಸಹಿಯ ಕೆಳಗೆ ಹಾಳೆ ಬೆಳ್ಳಗೇ ಇತ್ತು. ಮಕ್ಕಳ ಪ್ರಾಣದ ಮೇಲೆ ಎಲ್ಲರಿಗೂ ಪ್ರೀತಿ; ತಂತಮ್ಮ ಮಕ್ಕಳ ಪ್ರಾಣದ ಮೇಲೆ. ಪಕ್ಕದ ಮನೆಯ ಪ್ರಾಣವನ್ನು ಹದಿನೈದು ದಿನ ಪರೀಕ್ಷೆಗೆ ಬಿಡಲು ಯಾರ ಅಭ್ಯಂತರವೂ ಇರಲಿಲ್ಲ.

ಹದಿಮೂರನೆಯದು ಗುಮಾಸ್ತರ ಮನೆ. ಗುಮಾಸ್ತರ ಹೆಂಡತಿ ಮೊನ್ನೆಯಷ್ಟೇ ಮಗಳೊಂದಿಗೆ ನಾನೂರು ಜನರ ಮದುವೆಗೆ ಹೋಗಿ ಬಂದಿದ್ದಳು; ಶಾಲೆಗೆ ಕಳಿಸಲು ಮಾತ್ರ ಭಯವೆಂದಳು.

“ಅಲ್ಲಿ ನಾನೂರು ಜನ ಇದ್ರಲ್ಲಕ್ಕಾ?”

“ಅವರೆಲ್ಲ ನಮ್ಮವರೇ ಅಲ್ವೇನಪ್ಪ! ಈ ಶಾಲೆ ಕೋಣೆಗೆ ಸರಿಯಾಗಿ ಒಂದು ಕಿಟಕಿ ಇಲ್ಲ. ಗಾಳಿ ಆಡ್ಬೇಕು, ಗಾಳಿ!”

ಬಡಗಿಗೆ ರೇಗಿತು. “ಎಂಥ ಗಾಳಿ ಬೇಕು? ನನ್ನ ಶೆಡ್ಡು ನೋಡಿ, ಮೂರು ಕಡೆ ಗೋಡೆನೇ ಇಲ್ಲ. ಆರು ತಿಂಗಳಿಂದ ಇವಳು ಅಲ್ಲೇ ಬಿದ್ದಿದ್ದಾಳೆ, ಒಂದು ಸೀನು ಸೀನಿಲ್ಲ. ಅಂಥ ಜಾಗ ಬೇಕು ಅಂತ ಪಕ್ಕದಲ್ಲಿ ಬರೀರಿ, ಬರೆದು ಸಹಿ ಹಾಕಿ. ಉಳಿದದ್ದು ಮೇಡಂ ತಲೆನೋವು.”

“ಬರೀಬಹುದಾ?” ಅವಳ ಕಣ್ಣು ಮಿನುಗಿತು. ಸೆರಗಿನಲ್ಲಿ ಕೈಯೊರೆಸಿಕೊಂಡು, ಗುಂಡು ಅಕ್ಷರದಲ್ಲಿ ಬರೆದಳು: ‘ಬಡಗಿಯ ಶೆಡ್ಡಿನಂತೆ ಮೂರು ಕಡೆ ಗಾಳಿಯಾಡುವ ಜಾಗವಾದರೆ ಒಪ್ಪಿಗೆ.’ ಕೆಳಗೆ ಸಹಿ.

ಬಡಗಿಗೆ ಗುಟ್ಟು ತಿಳಿಯಿತು. ಈ ಜನ ಒಪ್ಪಿಗೆ ಕೊಡುವವರಲ್ಲ, ಷರತ್ತು ಹಾಕುವವರು. ಷರತ್ತಿಗೆ ಜಾಗ ಕೊಟ್ಟರೆ ಒಪ್ಪಿಗೆ ತಾನಾಗಿ ಹಿಂದೆ ಬರುತ್ತದೆ. ತಿರುಗಿ ಔಷಧಿ ಅಂಗಡಿಗೆ ಓಡಿದ. ಅಂಗಡಿಯವನು ಗುಮಾಸ್ತರ ಹೆಂಡತಿ ಬರೆದದ್ದನ್ನು ಓದಿ ತಲೆದೂಗಿ, ‘ಆರಡಿ ಅಂತರ, ಧೂಳು ಇರಕೂಡದು, ಉಳಿದದ್ದು ಮೇಲಿನಂತೆ’ ಎಂದು ಬರೆದ. ಮುಂದೆ ದರ್ಜಿ. ಅವನಿಗೆ ಬರೆಯಲು ಬೇಸರ, ಬಿಡಲು ಅವಮಾನ. ‘ಮೇಲಿನಂತೆ’ ಎಂದು ಗೀಚಿದ. ಬಸ್ ಚಾಲಕನೂ ಮೇಲಿನಂತೆ. ಅಲ್ಲಿಂದಾಚೆ ಮೇಲೇನಿದೆ ಎಂದು ಯಾರೂ ಓದಲಿಲ್ಲ. ಅಷ್ಟು ಜನ ಒಪ್ಪಿದ ಮೇಲೆ ಅದರಲ್ಲೇನೋ ಇರಲೇಬೇಕು. ಮೇಲಿನಂತೆ, ಮೇಲಿನಂತೆ, ಮೇಲಿನಂತೆ.

ಐದಕ್ಕೆ ಐದು ನಿಮಿಷವಿದೆ ಎನ್ನುವಾಗ ಬಡಗಿ ಏದುಸಿರು ಬಿಡುತ್ತಾ ಗೇಟಿಗೆ ಬಂದ. ಎಣಿಸಿದರೆ ಹತ್ತೊಂಬತ್ತು. ಇನ್ನೊಮ್ಮೆ ಎಣಿಸಿದ. ಆಮೇಲೆ ತಾನೂ ಒಬ್ಬ ಅಪ್ಪ ಎಂಬುದು ನೆನಪಾಯಿತು. ಗೇಟಿನ ಕಂಬಕ್ಕೆ ಹಾಳೆ ಒತ್ತಿ ಸಹಿ ಹಾಕಿದ. ಇಷ್ಟು ಜನ ಬರೆದಿರುವಾಗ ತಾನೊಬ್ಬ ಬಿಡುವುದೇಕೆಂದು ಪಕ್ಕದಲ್ಲಿ ‘ಮೇಲಿನಂತೆ’ ಎಂದೂ ಬರೆದ.

ಮೇಡಂ ಹಾಳೆಯನ್ನು ಮೇಲಿಂದ ಕೆಳಕ್ಕೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು. ಫೋನಿನಲ್ಲಿ ಚಿತ್ರ ತೆಗೆದು ಏನೋ ಒತ್ತಿದರು.

“ಇಪ್ಪತ್ತು ವರ್ಷದಲ್ಲಿ ಇಪ್ಪತ್ತು ಜನ ಪೋಷಕರು ಒಂದೇ ಮಾತಿಗೆ ನಿಂತಿದ್ದು ನಾನು ನೋಡಿಲ್ಲ. ಆ ಇಪ್ಪತ್ತರಲ್ಲಿ ನೀವೂ ಒಬ್ಬರು. ನಾಳೆ ಒಂಬತ್ತಕ್ಕೆ ನಿಮ್ಮ ಶೆಡ್ಡಲ್ಲಿ ಶಾಲೆ ಶುರು.”

“ನ... ನನ್ನ ಶೆಡ್ಡಲ್ಲಿ?”

“ಅಂಥ ಜಾಗ ಊರಲ್ಲಿ ಇನ್ನೊಂದೆಲ್ಲಿದೆ? ಮರ, ಗರಗಸ ಎಲ್ಲ ಆಚೆ ಇಡಿ. ಧೂಳು ಇರಕೂಡದು ಅಂತ ಬರೆದಿದ್ದಾರೆ.”

“ನನ್ನ ಹೊಟ್ಟೆಪಾಡು ಮೇಡಂ! ನಾನೊಪ್ಪಲ್ಲ ಅಂದ್ರೆ?”

“ಹತ್ತೊಂಬತ್ತಾಗುತ್ತೆ, ಶಾಲೆ ತೆರೆಯೋಲ್ಲ. ಯಾಕೆ ಅಂತ ಹತ್ತೊಂಬತ್ತು ಮನೆಗೂ ನೀವೇ ಹೇಳಿ. ಪೋಷಕರ ಗುಂಪಿಗೆ ಆಗಲೇ ಹಾಕಿಬಿಟ್ಟೆ.”

ಬಡಗಿಯ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಕೈ ಮುಗಿದ ಚಿತ್ರಗಳು ಸಾಲುಸಾಲಾಗಿ ಬಂದು ಬಿದ್ದವು. ಆ ಹತ್ತೊಂಬತ್ತು ಮನೆಗಳ ಕಿಟಕಿ, ಮಂಚ, ಕಪಾಟು ಎಲ್ಲ ಅವನ ಕೈಯವೇ. ಮುಂದಿನ ಕೆಲಸವೂ ಅಲ್ಲಿಂದಲೇ ಬರಬೇಕಿತ್ತು.

ಮರುದಿನ ಒಂಬತ್ತಕ್ಕೆ, ಮೂರು ಕಡೆ ಗೋಡೆಯಿಲ್ಲದ ಶೆಡ್ಡಿನ ಸುತ್ತ ಹಗ್ಗ ಕಟ್ಟಿ, ಆರಡಿಗೊಂದರಂತೆ ಮಕ್ಕಳನ್ನು ಸಸಿ ನೆಟ್ಟ ಹಾಗೆ ಕೂರಿಸಿದ್ದರು. ಮೂಲೆಯಲ್ಲಿ ಮರೆತಿದ್ದ ಉಳಿ ತರಲು ಬಡಗಿ ಹಗ್ಗ ದಾಟುವುದರಲ್ಲಿದ್ದ. ತೋಳಿಗೆ ಮಾನಿಟರ್ ಬಟ್ಟೆಪಟ್ಟಿ ಕಟ್ಟಿಕೊಂಡ ಮಗಳು ಅಡ್ಡ ಬಂದಳು.

“ಅಪ್ಪಾ, ಪೋಷಕರು ಒಳಗೆ ಬರೋ ಹಾಗಿಲ್ಲ.”

“ಇದು ನನ್ನ ಶೆಡ್ಡು ಕಣೇ!”

“ನಾಲ್ಕು ಗಂಟೆ ಮೇಲೆ.”

ಆಗಲೇ ಫೋನು. ಹಾಸ್ಟೆಲ್ ಯಜಮಾನರದು.

“ವಿಷಯ ತಿಳೀತು ಕಣಯ್ಯ. ಮಗಳನ್ನ ಕಳಿಸು ಅಂದ್ರೆ ಇಡೀ ಊರಿನ ಮಕ್ಕಳಿಗೇ ಶೆಡ್ಡು ಬಿಟ್ಟುಕೊಟ್ಯಲ್ಲ! ಇಂಥ ದೊಡ್ಡ ಮನುಷ್ಯನಿಗೆ ಬಾಗಿಲು ಬಾಗಿಲು ಅಂತ ಕಾಟ ಕೊಟ್ರೆ ನನಗೆ ಪಾಪ ಬರುತ್ತೆ. ಹದಿನಾರೂ ಬೇರೆಯವನಿಗೆ ಒಪ್ಪಿಸಿದೆ. ನೀನು ನಿಶ್ಚಿಂತೆಯಿಂದ ಸೇವೆ ಮಾಡು.”

ಬಡಗಿ ಫೋನನ್ನು ಜೇಬಿಗಿಟ್ಟು ತಿರುಗಿದ. ಎದುರು ಮನೆಯ ಗೋಡೆಯ ಗೇಣುದ್ದ ನೆರಳಿನಲ್ಲಿ ಉಳಿದ ಹತ್ತೊಂಬತ್ತೂ ಮನೆಯ ಪೋಷಕರು ಕೂತಿದ್ದರು, ಮಕ್ಕಳು ಅಂತರ ಕಾಯುತ್ತಾರೋ ಇಲ್ಲವೋ ನೋಡಲು. ಮಾಸ್ಕುಗಳೆಲ್ಲ ಗದ್ದದ ಕೆಳಗಿದ್ದವು. ಔಷಧಿ ಅಂಗಡಿಯವನು ಕೆಮ್ಮುತ್ತಾ ಗುಮಾಸ್ತರ ಹೆಂಡತಿಯ ಕಡೆ ಒತ್ತಿಕೊಂಡ.

“ಬಾರೋ, ಕೂತ್ಕೋ! ಇನ್ನೊಬ್ಬರಿಗೆ ಜಾಗ ಆಗುತ್ತೆ.”

ಬಡಗಿ ಹೋಗಿ ನಡುವೆ ಸಿಕ್ಕಿಕೊಂಡ.