ಗುಲಾಬಿಗೆ ಗರಡಿ ಮಾಲೀಸು

ಮಾಲೀಸು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಹಲಸೂರಿನಲ್ಲೇ ಇಲ್ಲ ಎಂದು ನಾನು ನಂಬಿದ್ದೆ. ಹರೆಯದಲ್ಲಿ ಎರಡು ವರ್ಷ ಗರಡಿಗೆ ಹೋದವನಲ್ಲವೇ! ಕುಸ್ತಿ ಗೆದ್ದವನಲ್ಲ; ಆಡಿದ್ದೇ ಇಲ್ಲ ಎಂದರೂ ಸುಳ್ಳಲ್ಲ. ಆದರೆ ಆಡಿದವರ ಮೈಗೆ ಎಣ್ಣೆ ತಿಕ್ಕಿದ್ದೇನೆ. ಎಂಥೆಂಥ ಪೈಲ್ವಾನರೂ ನನ್ನ ಕೈಯಲ್ಲಿ ‘ಅಯ್ಯೋ’ ಎಂದಿದ್ದಾರೆ.

ಅದು ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದವು. ಜನಕ್ಕೆ ಜಟಕಾ ಗಾಡಿಯೇ ಗತಿ. ನಮ್ಮ ಹಿತ್ತಿಲ ಲಾಯದಲ್ಲಿ ಬಾಡಿಗೆಗಿದ್ದ ಮಸ್ತಾನ್ ಸಾಬರು ರಸೆಲ್ ಮಾರುಕಟ್ಟೆ ಮುಂದೆ ಜಟಕಾ ನಿಲ್ಲಿಸುತ್ತಿದ್ದರು. ಅವರ ಮುದಿ ಕುದುರೆ ಗುಲಾಬಿ ಒಂದು ಗುರುವಾರ ಕುಂಟುತ್ತಾ ಬಂತು. ಸೋಮವಾರವೇ ಜಟಕಾ ಕುದುರೆಗಳ ತಪಾಸಣೆ! ಕುಂಟುವ ಕುದುರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದಿದ್ದರೆ ಸಾಬರ ಮನೆಯಲ್ಲಿ ಒಲೆ ಉರಿಯುವುದಿಲ್ಲ.

“ಮುಂಗಾಲಿನ ಭುಜ ಹಿಡ್ಕೊಂಡೈತೆ ಸ್ವಾಮಿ,” ಎಂದರು ಸಾಬರು.

“ಚಿಂತೆ ಬಿಡಿ ಸಾಬ್ರೇ, ನಾನಿದ್ದೀನಿ!” ಎಂದೆ.

ಸಾಬರ ಚಿಂತೆ ಇನ್ನಷ್ಟು ಹೆಚ್ಚಾದಂತೆ ಕಂಡಿತು. ಆದರೆ ಲಾಯದ ಮಾಲೀಕನಿಗೆ ಬೇಡ ಎನ್ನುವುದು ಹೇಗೆ?

ಹೆಂಡತಿ ಸಾವಿತ್ರಿಯ ಹತ್ತಿರ ಎಳ್ಳೆಣ್ಣೆ ಕೇಳಿದೆ.

“ಹಬ್ಬಕ್ಕೆ ಅಂತ ಎತ್ತಿಟ್ಟಿರೋದು ರೀ! ನನಗೆ ಸೊಂಟ ಹಿಡಿದಾಗ ಎಲ್ಲಿ ಹೋಗಿತ್ತು ಈ ವಿದ್ಯೆ?”

“ನಿನಗೆ ಲೈಸೆನ್ಸ್ ಬೇಕಿರಲಿಲ್ವಲ್ಲ!” ಎಂದೆ. ಎಣ್ಣೆಯೇನೋ ಸಿಕ್ಕಿತು, ಆದರೆ ಅಂದು ರಾತ್ರಿ ಸಾರಿಗೆ ಉಪ್ಪಿರಲಿಲ್ಲ.

ಶುಕ್ರವಾರ ಚಿಕಿತ್ಸೆ ವಿಧಿವತ್ತಾಗಿ ಆರಂಭವಾಯಿತು. ಗರಡಿಯ ಪದ್ಧತಿಯಂತೆ ನೆಲ ಮುಟ್ಟಿ ನಮಸ್ಕರಿಸಿ, ಫಟ್ ಎಂದು ತೊಡೆ ತಟ್ಟಿದೆ. ಗುಲಾಬಿ ಅದನ್ನು ಕುಸ್ತಿಯ ಆಹ್ವಾನವೆಂದೇ ತಿಳಿಯಿತೋ ಏನೋ, ಹಿಂಗಾಲು ಝಾಡಿಸಿತು. ಎಣ್ಣೆ ಗಿಂಡಿ ಗೋಡೆಯಾಚೆ ಹೋಯಿತು! ನೆಲಕ್ಕೆ ಚೆಲ್ಲಿದ್ದ ಎಣ್ಣೆಯನ್ನೇ ಅಂಗೈಗೆ ಬಳಿದುಕೊಂಡು ಬಲಭುಜಕ್ಕೆ ಕೈ ಹಾಕಿದೆ.

“ಸ್ವಾಮಿ, ಅದು...” ಎಂದರು ಸಾಬರು.

“ಗರಡಿ ಕೈಗೆ ಹೇಳ್ಕೊಡಬೇಡಿ ಸಾಬ್ರೇ!”

ಅವರು ನನ್ನ ಕೈ ನೋಡಿದರು, ಕುದುರೆಯ ಕಾಲು ನೋಡಿದರು, ಕೊಂಚ ಯೋಚಿಸಿದರು. “ಆಯ್ತು ಸ್ವಾಮಿ, ಅದನ್ನೇ ತಿಕ್ಕಿ,” ಎಂದರು ಬಹಳ ಮರ್ಯಾದೆಯಿಂದ.

ಶನಿವಾರ ಗರಡಿಯಿಂದ ಒಂದು ಬುಟ್ಟಿ ಮಣ್ಣು ತಂದೆ. ಅರಿಶಿನ, ಮಜ್ಜಿಗೆ, ತುಪ್ಪ ಬೆರೆಸಿ ಹದ ಮಾಡಿದ ಮಣ್ಣು. ಪೈಲ್ವಾನರ ನೋವೆಲ್ಲ ಹೀರುತ್ತದೆ. ಭುಜಕ್ಕೆ ದಪ್ಪವಾಗಿ ಮೆತ್ತಿ ಕೈ ತೊಳೆದು ಬರುವಷ್ಟರಲ್ಲಿ ಗುಲಾಬಿ ಕತ್ತು ತಿರುಗಿಸಿ ಎಟುಕಿದಷ್ಟನ್ನೂ ನೆಕ್ಕಿತ್ತು. ಬುಟ್ಟಿಯಲ್ಲಿ ಮಿಕ್ಕದ್ದನ್ನೂ ಬಿಟ್ಟಿರಲಿಲ್ಲ!

ಭಾನುವಾರ ಉಳಿದದ್ದು ಬ್ರಹ್ಮಾಸ್ತ್ರ ಒಂದೇ: ಕಾಲ್ಮಾಲೀಸು. ಗರಡಿಯಲ್ಲಿ ಪೈಲ್ವಾನರನ್ನು ಮಲಗಿಸಿ, ಮೇಲಿನ ಹಗ್ಗ ಹಿಡಿದು, ಬೆನ್ನನ್ನು ಪಾದದಿಂದ ತುಳಿಯುತ್ತಾರೆ. ಗುಲಾಬಿ ಮಲಗಲು ಒಪ್ಪಲಿಲ್ಲ. ಸರಿ, ನಿಂತೇ ಇರಲಿ! ಮುಕ್ಕಾಲುಮಣೆ ಹತ್ತಿ, ಲಾಯದ ತೊಲೆ ಹಿಡಿದು, ಅದರ ಬೆನ್ನ ಮೇಲೆ ಎರಡೂ ಪಾದ ಊರಿದೆ. ಗುಲಾಬಿ ಶಾಂತವಾಗಿ ನಾಲ್ಕು ಹೆಜ್ಜೆ ಮುಂದೆ ಹೋಗಿ ಹುಲ್ಲು ತಿನ್ನತೊಡಗಿತು.

ನಾನು ತೊಲೆಯಲ್ಲಿ ನೇತಾಡುತ್ತಿದ್ದೆ.

“ಊಟಕ್ಕೆ ಇಳೀತೀರಾ, ಅಲ್ಲಿಗೇ ತರ್ಲಾ?” ಎಂದಳು ಬಾಗಿಲಲ್ಲಿ ನಿಂತ ಸಾವಿತ್ರಿ. ಇಳಿದೆ. ಅಂದರೆ ಬಿದ್ದೆ. ಪಾದ ಉಳುಕಿತು.

ಸೋಮವಾರ ತಪಾಸಣೆಯ ಮೈದಾನದಲ್ಲಿ ಕುದುರೆಯನ್ನು ನಾನೇ ನಡೆಸುತ್ತೇನೆಂದು ಹಟ ಹಿಡಿದೆ. ವೈದ್ಯನಿಗೂ ಒಂದು ಹಕ್ಕಿದೆಯಲ್ಲ! ಸಾಬರು ದೇವರ ಹೆಸರು ಹೇಳುತ್ತಾ ಹಿಂದೆ ನಿಂತರು. ನನಗೂ ಒಳಗೊಳಗೇ ಭಯ. ಆದರೆ ಗುಲಾಬಿ ಮದುವೆ ಹೆಣ್ಣಿನ ಹಾಗೆ ನೆಟ್ಟಗೆ ನಡೆಯಿತು. ಪಕ್ಕದಲ್ಲಿ ನಾನು ಕುಂಟಿದೆ.

ತಪಾಸಣೆಯ ಡಾಕ್ಟರು ಕನ್ನಡಕ ಸರಿಮಾಡಿಕೊಂಡು, “ಕುದುರೆ ಪಾಸ್. ಹಗ್ಗ ಹಿಡಿದಿರೋರು ಫೇಲ್!” ಎಂದರು.

ಸಾಬರು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡರು. ನನ್ನ ಎದೆಯೂ ತುಂಬಿ ಬಂತು.

“ನೋಡಿದ್ರಾ ಸಾಬ್ರೇ, ಬಲಭುಜ ಹೆಂಗೆ ಸಡಿಲ ಆಯ್ತು!”

ಸಾಬರು ತಲೆ ತಗ್ಗಿಸಿದರು. “ಬೇಜಾರು ಮಾಡ್ಕೋಬೇಡಿ ಸ್ವಾಮಿ. ನೋವಿದ್ದಿದ್ದು ಎಡಭುಜ. ಅದಕ್ಕೆ ನಾನೇ ಬೆಳಗ್ಗೆ ಬೆಳಗ್ಗೆ ಬಿಸಿ ಹುರುಳಿ ಗಂಟಲ್ಲಿ ಶಾಖ ಕೊಟ್ಟು ಮೆತ್ತಗೆ ನೀವ್ತಿದ್ದೆ.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?”

“ಹೇಳಕ್ಕೆ ಬಂದೆ, ನೀವು ಬಿಡ್ಲಿಲ್ಲ. ಆಮೇಲೆ ನಿಮ್ಮ ಕೈಯ ಜೋರು ನೋಡಿ, ಗಟ್ಟಿಯಾಗಿರೋ ಕಾಲನ್ನೇ ನಿಮಗೆ ಬಿಟ್ಬಿಡೋಣ ಅಂದ್ಕೊಂಡೆ. ಅದಾದ್ರೆ ತಡ್ಕೊಳ್ತದೆ!”

ತಡೆದುಕೊಂಡಿತು. ಈ ಕುಂಟು ವೈದ್ಯನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹಲಸೂರಿನವರೆಗೆ ಎಳೆದುಕೊಂಡೂ ಬಂತು.