ಬೆನ್ನೆಲುಬಿಲ್ಲದವರ ಬಂಧು

ನಮ್ಮ ಸೋದರಮಾವನಿಗೆ ಮನುಷ್ಯರ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಇದೆ. ಆದರೆ ಮನುಷ್ಯರಿಗೆ ಬೆನ್ನೆಲುಬು ಇದೆಯಲ್ಲ, ಅದೊಂದೇ ಅವರ ತಕರಾರು! ನಾರಾಯಣಪೇಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು. ಹುಲಿ, ಆನೆಗಳ ಪಾಠವನ್ನು ಒಂದೇ ತಾಸಿನಲ್ಲಿ ಮುಗಿಸಿ, ಸ್ಪಂಜು, ಹೈಡ್ರಾ, ಲಾಡಿಹುಳು, ಎರೆಹುಳಗಳಿಗೆ ಇಡೀ ವರ್ಷ ಕೊಡುತ್ತಿದ್ದರಂತೆ. "ಬೆನ್ನೆಲುಬು ಇದ್ದವರು ಭೂಮಿಗೆ ನಿನ್ನೆ ಮೊನ್ನೆ ಬಂದವರು. ಇವು ಹಿರೇರು. ಮೊದಲು ಹಿರೇರಿಗೆ ಶರಣು ಮಾಡ್ರಿ" ಅನ್ನುವುದು ಅವರ ವಾದ.

ಬಂಧುಬಳಗವನ್ನೂ ಅವರು ಹುಳಗಳ ಲೆಕ್ಕದಲ್ಲೇ ನೋಡುವವರು. ನಮ್ಮಪ್ಪ ಅವರ ಪ್ರಕಾರ ಸ್ಪಂಜು. "ಸ್ಪಂಜಿಗೆ ಬಾಯಿಲ್ಲ, ಮಿದುಳಿಲ್ಲ, ಮೈತುಂಬ ತೂತು. ಎಲ್ಲಾ ಸಣ್ಣ ತೂತಿನಿಂದ ನೀರು ಒಳಗ ಹೊಕ್ಕು, ಒಂದು ದೊಡ್ಡ ತೂತಿನಿಂದ ಹೊರಗ ಹೋಗ್ತೈತಿ. ನಮ್ಮಕ್ಕ ಹೇಳಿದ್ದು ನಿಮ್ಮಪ್ಪನ ತಲ್ಯಾಗ ಹಂಗ ಹೋಗ್ತೈತಿ ನೋಡು!" ಅಂದರು. ಅಪ್ಪ ಪಕ್ಕದಲ್ಲೇ ಕೂತಿದ್ದರು, ಅದೂ ಅವರಿಗೆ ಕೇಳಿಸಿರಲಿಲ್ಲ!

ಒಮ್ಮೆ ಮಕ್ತಲ್ ಕೆರೆಯಿಂದ ಒಂದು ಸೀಸೆಯಲ್ಲಿ ಹೈಡ್ರಾ ತುಂಬಿಕೊಂಡು ಬಸ್ಸು ಹತ್ತಿದ್ದರು. ಕಂಡಕ್ಟರ್ ಸೀಸೆ ನೋಡಿ, ಇದರಲ್ಲಿ ಎಷ್ಟು ಜೀವ ಇವೆ ಅಂತ ತಮಾಷೆಗೆ ಕೇಳಿದ. ಕೇಳಬಾರದಿತ್ತು. "ಹತ್ತೋವಾಗ ಎಷ್ಟು ಅಂತ ಹೇಳಬಲ್ಲೆ, ಇಳಿಯೋವಾಗ ಹೇಳಾಕ ಆಗಂಗಿಲ್ಲಪ್ಪಾ. ಇದಕ್ಕ ಮೈಯಾಗ ಮೊಗ್ಗು ಒಡದು ಮರಿ ಆಗ್ತೈತಿ. ನಡುವಿಗೆ ಕತ್ತರಿಸಿದರೂ ಎರಡಾಗಿ ಬದುಕತೈತಿ. ಉಣ್ಣೂದು, ಉಳದದ್ದು ಹೊರಗ ಹಾಕೂದು ಎಲ್ಲಾ ಒಂದ ಬಾಯಾಗ!" ಕಂಡಕ್ಟರ್ ಮುಂದಿನ ಸ್ಟಾಪಿನವರೆಗೂ ಆ ಕಡೆ ಬರಲೇ ಇಲ್ಲ.

ನಮ್ಮವ್ವನಿಗೆ ಈ ತಮ್ಮನ ಹುಳಪುರಾಣ ಅಂದರೆ ಮೈಯುರಿ. ಅವರ ಸೀಸೆಗಳಿಗೆ ಹೊಸ್ತಿಲು ದಾಟಲು ಅಪ್ಪಣೆ ಇರಲಿಲ್ಲ. ಅವ್ವ ಮಲ್ದಕಲ್ ಹತ್ತಿರದ ಊರಿನಲ್ಲಿ ಕುರಿ ಕಟ್ಟಿಕೊಂಡು, ಕುಲದೇವರು ಬೀರಪ್ಪನನ್ನು ನಂಬಿಕೊಂಡು ಇರುವವಳು. ಮಾವನೋ, ದೇವರ ಮಾತು ಬಂದರೆ "ದೇವರಿಗೆ ಬೆನ್ನೆಲುಬು ಐತೇನು, ಮೊದಲು ಹೇಳು" ಅನ್ನುವವರು. ಇಬ್ಬರೂ ಒಂದೇ ಜಗಲಿಯಲ್ಲಿ ಕೂತರೆ ನಾವು ಎದ್ದು ಹೋಗುವುದೇ ಕ್ಷೇಮ.

ಹೋದ ಮಳೆಗಾಲದಲ್ಲಿ ಅವ್ವನ ಮೂಗಿನಿಂದ ರಕ್ತ ಸುರಿಯತೊಡಗಿತು. ಮೊದಲು ಒಂದೆರಡು ಹನಿ, ಆಮೇಲೆ ಸೆರಗು ನೆನೆಯುವಷ್ಟು. ಗದ್ವಾಲದ ನನ್ನ ಮನೆಗೆ ಕರೆತಂದೆ. ಡಾಕ್ಟರಮ್ಮ ಹನಿಮದ್ದು ಕೊಟ್ಟರು. ನಿಂತಿತು, ಮರುದಿನ ಮತ್ತೆ ಶುರುವಾಯಿತು. ಮತ್ತೆ ಹೋದಾಗ ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ಏನೂ ಕಾಣುತ್ತಿಲ್ಲ, ಮಹಬೂಬನಗರಕ್ಕೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿ ಅಂದರು. ತಲೆ ಅನ್ನುವ ಮಾತು ಕೇಳಿದ್ದೇ ನಾನು ಗಾಬರಿಯಾದೆ. ಅವ್ವ ಮಾತ್ರ ಮನೆಗೆ ಬಂದು ಟ್ರಂಕು ತೆರೆದು ಸೀರೆ ಹಂಚಲು ಕೂತಳು! "ಈ ನಾರಾಯಣಪೇಟಿ ಸೀರಿ ನಿನಗ. ಕೆಂಪು ಅಂಚಿಂದು ಸಣ್ಣ ಸೊಸಿಗೆ. ಜಗಳಾಡಬ್ಯಾಡ್ರಿ."

ಹೆದರಿಕೆಯಲ್ಲಿ ನಾನು ಮಾವನಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಬಂದೇ ಬಿಟ್ಟರು. ಹೇಗಿದ್ದೀಯ ಅಂತ ಕೇಳಬೇಡವೇ? ಇಲ್ಲ!

"ಅಕ್ಕಾ, ಮೂಗಿನ್ಯಾಗ ಏನರ ಹರದಾಡಿದಂಗ ಆಗತೈತೇನು?"

"ಆಗತೈತಿ. ನೀ ಬಂದಾಗಿಂದ ಜಾಸ್ತಿ ಆಗೇತಿ."

"ಎಲ್ಲಿ ನೀರು ಕುಡದಿ?"

"ನಳದ ನೀರು."

"ಕೆರಿ ನೀರು?"

"ನಾ ಯಾಕ ಕೆರಿ ನೀರು ಕುಡೀಲಿ? ನಾ ಏನು ಕುರಿ ಏನು?"

ಮಾವ ನನ್ನತ್ತ ತಿರುಗಿದರು. ಅವರ ಮುಖ ಬಿಳಿಚಿಕೊಂಡಿತ್ತು. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ. "ಜಿಗಣಿ ಇದ್ದರೂ ಇರಬಹುದವಾ. ಅದರ ಎಂಜಲಾಗ ರಕ್ತ ಹೆಪ್ಪುಗಟ್ಟದಂಗ ಮಾಡೂ ಗುಣ ಐತಿ. ಕಚ್ಚಿದ್ದೂ ಗೊತ್ತಾಗಂಗಿಲ್ಲ. ಸಣ್ಣದಿದ್ದಾಗ ಹೊಕ್ಕು ಒಳಗ ರಕ್ತ ಕುಡದು ಬೆಳೀತೈತಿ. ಆದರ ನೀರಿಗೆ ಬಾಯಿ ಹಚ್ಚದ ಅದು ಒಳಗ ಹೋಗಂಗಿಲ್ಲ. ಆಕಿ ಖರೇ ಹೇಳಿದರ ಡಾಕ್ಟರಿಗೆ ಹೇಳಬಹುದು. ಇಲ್ಲಂದ್ರ ನಾ ಏನಂತ ಹೇಳ್ಲಿ, ನನಗ ಎಲ್ಲಾ ಕಡೆ ಹುಳಾನ ಕಾಣ್ತಾವ ಅಂತಾರ!"

ಆಗ ನನಗೆ ನೆನಪಾಯಿತು, ನಮ್ಮ ಮನೆತನದ ಹರಕೆ. ಬೀರಪ್ಪನಿಗೆ ಹರಕೆ ಹೊತ್ತವರು ಕುರಿಗಳ ಸಾಲಿನಲ್ಲೇ ಕೆರೆದಂಡೆಯಲ್ಲಿ ಮಂಡಿಯೂರಿ, ನೀರಿಗೆ ಕೈ ತಾಗಿಸದೆ, ಕುರಿ ಕುಡಿದಂತೆಯೇ ಬಾಯಿ ಹಚ್ಚಿ ಕುಡಿಯಬೇಕು. ಮೂರು ಮಳೆಗಾಲ ಹೀಗೆ ಮಾಡಿದರೆ ಹರಕೆ ಸಂದಂತೆ.

"ಅವ್ವಾ, ಹರಕಿ ನೀರು ಕುಡದಿಯೇನು?" ಅಂದೆ. ಅವ್ವ ತಮ್ಮನತ್ತ ನೋಡಲಿಲ್ಲ. ನೆಲ ನೋಡುತ್ತಾ ಹೌದೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಮತ್ತೆ ರಕ್ತ ಇಳಿಯಿತು.

ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಮಾವ ವಿಷಯ ಹೇಳಿದಾಗ ಡಾಕ್ಟರಮ್ಮ ಅನುಮಾನದಿಂದಲೇ ಮತ್ತೆ ಬೆಳಕು ಬಿಟ್ಟರು. ಏನೂ ಇಲ್ಲ.

"ಬೆಳಕು ಕಂಡರ ಹಿಂದ ಸರೀತೈತ್ರಿ ಡಾಕ್ಟರಮ್ಮಾ. ಒಂದು ಬಟ್ಟಲು ತಣ್ಣೀರು ಮೂಗಿನ ಕೆಳಗ ಇಡ್ರಿ. ಬೆಳಕು ಆರಿಸ್ರಿ. ನೀರಿನ ವಾಸನಿಗೆ ತಾನ ಮುಖ ಹೊರಗ ಹಾಕ್ತೈತಿ."

ಆಕೆ ಒಂದು ಗಳಿಗೆ ಯೋಚಿಸಿ, ಚಿಮಟ ಕೈಗೆತ್ತಿಕೊಂಡು ಬೆಳಕು ಆರಿಸಿದರು. ಅವ್ವ ಬಟ್ಟಲಿನ ಮೇಲೆ ಬಗ್ಗಿದಳು.  ಕಿಟಕಿಯ ಮಬ್ಬು ಬೆಳಕಿನಲ್ಲಿ ರಕ್ತದ ಹನಿ ನೀರಿಗೆ ಬಿದ್ದು ಹರಡಿದ್ದು ಕಾಣುತ್ತಿತ್ತು. ನಾನು ಕೇಳಿಕೊಂಡ ದೇವರುಗಳಲ್ಲಿ ಕೆಲವರ ಹೆಸರು ನನಗೇ ಹೊಸದು! ಹೊರಗೆ ಯಾರೋ ಕೆಮ್ಮಿದರೂ ಮಾವ ಹಲ್ಲು ಕಚ್ಚಿ ಬಾಗಿಲಿನತ್ತ ದಿಟ್ಟಿಸುತ್ತಿದ್ದರು.

ಆಗ ಮೂಗಿನ ಹೊಳ್ಳೆಯಂಚಿನಲ್ಲಿ ಕಪ್ಪಗೆ ಏನೋ ಹಣಕಿ ಹಾಕಿತು. ಚಿಮಟ ಹೋಯಿತು. ಜಾರಿತು. ಒಳಕ್ಕೆ ಸರಿಯಿತು! ಅವ್ವ "ಯಪ್ಪಾ ಬೀರಪ್ಪಾ" ಅಂದಳು.

"ಅಲುಗಬ್ಯಾಡಕ್ಕಾ. ಮತ್ತ ಬರತೈತಿ," ಅಂದರು ಮಾವ. ಬಟ್ಟಲನ್ನು ಇನ್ನಷ್ಟು ಹತ್ತಿರ ಹಿಡಿದರು. "ಡಾಕ್ಟರಮ್ಮಾ, ಜಗ್ಗಬ್ಯಾಡ್ರಿ. ಹಿಂದಿನ ತುದಿಗೂ ಒಂದು ಹೀರುಬಟ್ಟಲು ಇರತೈತಿ, ಅದು ಒಳಗ ಅಂಟಿಕೊಂಡಿರತೈತಿ. ಹಿಡದು ತಡೀರಿ, ಅದ ದಣದು ಬಿಡತೈತಿ."

ಎರಡನೇ ಸಲ ಬಂದಾಗ ಡಾಕ್ಟರಮ್ಮ ಹಿಡಿದರು. ಹಿಡಿದು ಕಾದರು. ನನ್ನ ಬೆರಳಿನಷ್ಟುದ್ದ ಬೆಳೆದಿದ್ದ ಆ ಪ್ರಾಣಿ ಎಳೆದು, ಕುಗ್ಗಿ, ಕೊನೆಗೆ ಸೋತು ಪೂರ್ತಿ ಹೊರಬಂದು ತಟ್ಟೆಗೆ ಬಿತ್ತು. ನನಗೆ ಉಸಿರು ಬಂತು. ಡಾಕ್ಟರಮ್ಮ ಮೂಗಿಗೆ ಹತ್ತಿ ಇಟ್ಟು, ಇವತ್ತು ಇಲ್ಲೇ ಇರಲಿ, ಸ್ಕ್ಯಾನ್ ಸದ್ಯಕ್ಕೆ ಬೇಡ ಅಂದರು.

ಮಾವನಿಗೆ ಈಗ ಸಿಟ್ಟು ಬಂತು. ಅಷ್ಟು ಹೊತ್ತಿನ ಹೆದರಿಕೆ ಬೇರೆ ಹೇಗೆ ಹೊರಬರಬೇಕು? "ನೀರಿಗೆ ಬಾಯಿ ಹಚ್ಚಿ ಕುಡಿಯಾಕ ನಿನಗ ಎಷ್ಟು ವಯಸ್ಸು? ಏನು ಕಮ್ಮಿ ಆಗಿತ್ತು ನಿನಗ? ಯಾವ ದೊಡ್ಡ ಹರಕಿ ಅದು?"

"ನಿನ್ನ ಕಣ್ಣಿಂದು," ಅಂದಳು ಅವ್ವ.

ಆ ಮಳೆಗಾಲಕ್ಕೆ ಮುಂಚಿನ ಬೇಸಿಗೆಯಲ್ಲಿ ಮಾವನಿಗೆ ಕಣ್ಣಿನ ಆಪರೇಷನ್ ಆಗಿತ್ತು. ದೃಷ್ಟಿ ಬಂದರೆ ಬಂತು ಅಂದಿದ್ದರಂತೆ ಡಾಕ್ಟರು. ನಮಗಾರಿಗೂ ಮಾವ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಅಕ್ಕನಿಗೆ ಮಾತ್ರ ಹೇಳಿದ್ದರೋ, ಅವಳೇ ತಿಳಿದುಕೊಂಡಿದ್ದಳೋ.

"ಕಣ್ಣು ಹೋದರ ನೀ ಏನು ನೋಡಿಕೋತ ಬದುಕ್ತಿ? ಆ ಹುಳಾ ಬಿಟ್ಟರ ನಿನಗ ಯಾರದಾರ?" ಮೂಗಿನ ಹತ್ತಿಯಿಂದಾಗಿ ಅವ್ವನ ದನಿ ಗೊಗ್ಗರಾಗಿತ್ತು. "ಇನ್ನಾ ಎರಡು ಮಳಿಗಾಲ ಐತಿ."

ಮಾವ ಮಂಚದ ತುದಿಗೆ ಕೂತರು. 

"ನೀ ಬ್ಯಾಡ," ಅಂದರು. "ಆ ಎರಡು ವರ್ಷದ್ದು ನಾ ಕುಡೀತೀನಿ."

"ನಿನ್ನ ಮೂಗು ದೊಡ್ಡದು. ಎರಡೆರಡು ಹೊಕ್ಕಾವು!"

ನಾನು ನಕ್ಕೆ. ಮಾವ ನಗಲಿಲ್ಲ. ಅಕ್ಕನ ಗಲ್ಲಕ್ಕೆ ಅಂಟಿದ್ದ ಒಣರಕ್ತವನ್ನು ಒದ್ದೆ ಬಟ್ಟೆಯಿಂದ, ಆ ಕಣ್ಣುಗಳನ್ನು ತೀರ ಹತ್ತಿರ ತಂದು, ಒರೆಸುತ್ತಾ ಕೂತರು.