ಕಣ್ಣು ಮುಚ್ಚಿ ಹತ್ತು ನಿಮಿಷ

ನೆಮ್ಮದಿಯೂ ವೇಳಾಪಟ್ಟಿಯ ಪ್ರಕಾರವೇ ಬರಬೇಕೆಂದು ನಂಬಿದವರ ಬಾಳಿನಲ್ಲಿ ಇಂಥ ಫಜೀತಿಗಳು ತಪ್ಪುವುದಿಲ್ಲ.

ಅಣ್ಣಿಗೇರಿಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮೇಲೆ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆಂದು ಎರಡು ಸಲ ಹುಬ್ಬಳ್ಳಿಗೆ ಹೋದೆ. ಎರಡು ಸಲವೂ ಬಿ.ಪಿ. ಏರಿದೆಯೆಂದು ಮನೆಗೆ ಕಳಿಸಿದರು. ಪೇಪರಿನ ಅಕ್ಷರಗಳು ಮಂಜಿನಲ್ಲಿ ಕರಗತೊಡಗಿದ್ದವು.

"ಗುಳಿಗಿ ಒಂದ ಸಾಲಂಗಿಲ್ರಿ ಸರ, ಮನಸ್ಸೂ ಇಳೀಬೇಕು," ಎಂದ ಅಲ್ಲಿಯ ನರ್ಸ್‌ಬಾಯಿ ಒಂದು ಉಪಾಯ ಕಲಿಸಿದರು. ಕಣ್ಣು ಮುಚ್ಚಬೇಕು, ಉಸಿರು ನಿಧಾನ ಮಾಡಬೇಕು, ಕೈಕಾಲು ಭಾರವಾಗುತ್ತಿವೆ ಎಂದುಕೊಳ್ಳುತ್ತ ಮನಸ್ಸಿನಲ್ಲೇ ಹಿತವಾದ ಒಂದು ಜಾಗಕ್ಕೆ ಹೋಗಬೇಕು. ದಿನಾ ಹತ್ತು ನಿಮಿಷ.

ಕಡಲೆ ಹೊಲ

ನಾನು ಆರಿಸಿಕೊಂಡದ್ದು ಕಡಲೆ ಹೊಲ. ಕಪ್ಪು ಎರಿ ಭೂಮಿ, ನಸುಕಿನ ಇಬ್ಬನಿ, ಎಲೆಗಳ ಹುಳಿ ವಾಸನೆ. ಕಣ್ಣು ಹಾಯುವವರೆಗೂ ಒಂದು ಮರವಿಲ್ಲ. ಆಕಾಶವೇ ಇಳಿದು ಬದುವಿನ ಮೇಲೆ ಕೂತಂತಿತ್ತು. ತೇಲುತ್ತ ತೇಲುತ್ತ ನಡೆದೆ. ನಟ್ಟನಡುವೆ ಒಂದು ಎಮ್ಮೆ ಆರಾಮಾಗಿ ಕಡಲೆ ಮೇಯುತ್ತಿತ್ತು.

"ಯಾರದಲೇ ಎಮ್ಮಿ!"

ಒದರಿದ್ದು ಹೊಲದಲ್ಲಲ್ಲ, ಪಡಸಾಲೆಯಲ್ಲಿ. ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಎಲ್ಲೈತ್ರಿ ಎಮ್ಮಿ?"

"ನನ್ನ ತಲ್ಯಾಗ."

"ಮೇಯ್ಲಿ ಬಿಡ್ರಿ. ಅಲ್ಲೇನ್ ಬೆಳದೈತಿ ಹಾಳಾಗಾಕ!"

ಬಲಗೈ ಭಾರ

ಮರುದಿನ ಹೊರಗಿನ ಕಟ್ಟೆಗೆ ಹೋಗಿ ಕೂತೆ. ನಮ್ಮ ಓಣಿಯಲ್ಲಿ ಕಣ್ಣು ಮುಚ್ಚಿದವರನ್ನು ಮಾತಾಡಿಸದೆ ದಾಟಿಹೋಗುವುದು ಅಮರ್ಯಾದೆ.

"ಸರ, ಮಲಗೀರೇನ್ರಿ?" ಬಾಜು ಮನೆಯ ಕಾಕಾನ ದನಿ.

ಹತ್ತು ನಿಮಿಷವೆಂದರೆ ಹತ್ತು ನಿಮಿಷ. ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡೆ.

"ಮಾತಾಡವಲ್ರು! ಉಳ್ಳಾಗಡ್ಡಿ ತರ್ರಿ!"

ನನಗೆ ಮೂರ್ಛೆ ಬಂದಿದೆಯೆಂದು ಹೆಚ್ಚಿದ ಈರುಳ್ಳಿ ಮೂಗಿನವರೆಗೆ ಬಂತು. ನಾನು ಜಗ್ಗಲಿಲ್ಲ. ಬಲಗೈ ಭಾರವಾಗುತ್ತಿದೆ, ಬೆಚ್ಚಗಾಗುತ್ತಿದೆ... ಆಶ್ಚರ್ಯ! ನಿಜಕ್ಕೂ ಭಾರವಾಯಿತು, ಬೆಚ್ಚಗೂ ಆಯಿತು. ವಿದ್ಯೆ ಒಲಿಯಿತೆಂಬ ಸಂತೋಷದಲ್ಲಿ ಕಣ್ಣು ತೆರೆದರೆ, ಕಾಕಾ ಆ ಕೈಯ ಮೇಲೆ ತಲೆಯಿಟ್ಟು ಅಳುತ್ತಿದ್ದರು.

ಮೂರನೆಯ ಸಲ

ಮೂರನೆಯ ಸಲ ಆಸ್ಪತ್ರೆಯ ಬೆಂಚಿನ ಮೇಲೆ ಐವರಿದ್ದೆವು. ಎಲ್ಲರ ಕಣ್ಣಿಗೂ ಹನಿ ಹಾಕಿದ್ದರು. ಲೋಕವನ್ನೆಲ್ಲ ಹಾಲಿನಲ್ಲಿ ಅದ್ದಿದ ಹಾಗಿತ್ತು. ನಾನು ನನ್ನ ಪಾಠವನ್ನು ಮೆಲ್ಲಗೆ ಗುನುಗುತ್ತಿದ್ದೆ.

"ಅದೇನಂತೀಯೋ ಯಪ್ಪಾ, ತುಸು ಜೋರಾಗಿ ಅನ್ನು. ನನ್ನ ಎದಿನೂ ಹೊಡಕೊಳ್ಳಾಕ ಹತ್ತೈತಿ," ಎಂದಳು ಪಕ್ಕದಲ್ಲಿ ಕೂತಿದ್ದ ಯಮನೂರಿನ ಅಜ್ಜಿ.

ಕಲಿಸು ಎಂದರೆ ನಾನು ಕೂತಿರುವವನಲ್ಲ. ಎದ್ದು ನಿಂತು ಹೇಳಿಕೊಟ್ಟೆ. ಒಬ್ಬೊಬ್ಬರ ಉಸಿರೂ ಉದ್ದವಾಯಿತು. ಬೆಂಚಿಗೆ ಬೆಂಚೇ ಎಲ್ಲೋ ತೇಲಿಹೋಯಿತು. ಬಾಗಿಲಲ್ಲಿ ಮಾತ್ರ ಮಬ್ಬು ಮಬ್ಬಾಗಿ ಒಂದು ಆಕೃತಿ ನಿಂತೇ ಇತ್ತು.

"ನಿಮಗ ಬ್ಯಾರೆ ಹೇಳಬೇಕೇನ್ರಿ? ಕೂಡ್ರಿ! ಕಣ್ಣ ಮುಚ್ಚ್ರಿ!"

ಆಕೃತಿ ತೆಪ್ಪಗೆ ಕೂತು ಕಣ್ಣು ಮುಚ್ಚಿತು. ಹತ್ತು ನಿಮಿಷಕ್ಕೆ ನರ್ಸ್‌ಬಾಯಿ ಬಂದು ಚೀರಿದರು. "ಅಯ್ಯ, ಡಾಕ್ಟರ್ ಸಾಹೇಬ್ರನ್ನ ಯಾಕ ಕುಂಡ್ರಿಸೀರಿ! ಒಳಗ ಎಲ್ಲಾ ತಯಾರೈತಿ!"

ಉಳಿದ ನಾಲ್ವರ ಬಿ.ಪಿ.ಯೂ ಇಳಿದಿತ್ತು. ನನ್ನದು ನಾಚಿಕೆಗೆ ಮೊದಲಿಗಿಂತ ಏರಿತ್ತು. ಡಾಕ್ಟರು ನನ್ನ ತೋಳಿನ ಪಟ್ಟಿ ಬಿಚ್ಚುತ್ತ ಹೇಳಿದರು:

"ನಿಮ್ಮ ಕಣ್ಣ ಇನ್ನೊಂದ ವಾರ ತಡೀಬೇಕ್ರಿ ಸರ. ಆದ್ರ ನೀವು ಮಾತ್ರ ದಿನಾ ಬರ್ರಿ. ಮಂದೀ ಬಿ.ಪಿ. ಅಗದಿ ಚಂದ ಇಳಸ್ತೀರಿ."